ಕೊನೆಯ ಕಂಡಿಗೆ

ಲೋಕ ಮುಗಿಯಲು ಇನ್ನೊಂದು ವಾರ ಇದೆ ಎನ್ನುವಾಗ ನಮ್ಮಪ್ಪ ತಂಗಿಯ ಮದುವೆ ಸೀರೆಯನ್ನು ಅರ್ಧಕ್ಕೇ ಮಗ್ಗದಿಂದ ಕತ್ತರಿಸಿ ತೆಗೆದರು.

ನಾನಾಗ ತಿರುಪ್ಪೂರಿನಲ್ಲಿದ್ದೆ. ಬನಿಯನ್ ಕಂಪನಿಯೊಂದರಲ್ಲಿ ಹೊಲಿದು ಬಂದ ಬಟ್ಟೆಗಳನ್ನು ಚೆಕ್ ಮಾಡುವ ಕೆಲಸ. ಮಧ್ಯಾಹ್ನ ಊಟದ ಡಬ್ಬಿ ತೆರೆಯುವ ಹೊತ್ತಿಗೆ ಸರಿಯಾಗಿ ತಂಗಿಯ ಫೋನು ಬಂತು.

"ಅಕ್ಕಾ, ಅಪ್ಪ ಹಾಸು ಕೊಯ್ದ್‌ಬುಟ್ರು."

ಹಾಸು ಎಂದರೆ ಮಗ್ಗದ ಉದ್ದಕ್ಕೂ ಎಳೆದು ಕಟ್ಟಿದ ನೂಲು. ಯಾವುದೋ ಎಳೆ ಹರಿದಿರಬೇಕು ಅಂದುಕೊಂಡು, "ಅದಕ್ಯಾಕೆ ಅಳ್ತೀಯ, ಗಂಟು ಹಾಕಿದ್ರಾಯ್ತಲ್ಲ" ಅಂದೆ.

"ಒಂದೆಳೆ ಅಲ್ಲೆ ಅಕ್ಕಾ. ಪೂರಾ. ಮಗ್ಗ ಬೋಳಾಗಿ ಕೂತಿದೆ."

ನಾನು ಡಬ್ಬಿ ಮುಚ್ಚಿಬಿಟ್ಟೆ. ಈ ಮಾತು ನೇಯ್ಗೆಯವರಲ್ಲದವರಿಗೆ ಅಷ್ಟು ತಾಗಲಿಕ್ಕಿಲ್ಲ, ಆದ್ದರಿಂದ ಹೇಳಬೇಕು. ನಮ್ಮಲ್ಲಿ ಮಗ್ಗವನ್ನು ಯಾರೂ ಬೋಳು ಮಾಡುವುದಿಲ್ಲ. ಒಂದು ಹಾಸು ನೇಯ್ದು ಮುಗಿದರೂ ಕೊನೆಯ ಗೇಣುದ್ದ ನೂಲನ್ನು ಹಾಗೇ ಬಿಡುತ್ತೇವೆ. ಎಳೆಗಳನ್ನು ಎತ್ತಿ ಇಳಿಸುವ ದಾರದ ಕುಣಿಕೆಗಳಲ್ಲಿ, ಅದರ ಮುಂದೆ ಬಾಚಣಿಗೆಯಂತಿರುವ ಹಣಿಗೆಯ ಸಂದುಗಳಲ್ಲಿ ಆ ಹಳೆಯ ತುದಿಗಳು ನಿಂತೇ ಇರುತ್ತವೆ. ಹೊಸ ಹಾಸು ಬಂದಾಗ ಅದರ ಒಂದೊಂದು ಎಳೆಯನ್ನೂ ಒಂದೊಂದು ಹಳೆಯ ತುದಿಗೆ ಬೆರಳಲ್ಲಿ ಹೊಸೆದು ಸೇರಿಸುತ್ತೇವೆ. ಇದಕ್ಕೆ ಕೆಚ್ಚುವುದು ಅನ್ನುತ್ತೇವೆ. ನನಗೆ ತಿಳಿವಳಿಕೆ ಬಂದಾಗಿನಿಂದ ನಮ್ಮ ಮನೆಯ ಮಗ್ಗ ಹಾಗೆ ಒಂದರ ತುದಿಗೆ ಇನ್ನೊಂದು ಸೇರುತ್ತಲೇ ನಡೆದಿತ್ತು. ತುದಿ ಕಿತ್ತು ತೆಗೆಯುವುದು ಮಗ್ಗ ಮಾರುವಾಗ, ಇಲ್ಲವೇ ನೇಯುವವನು ತೀರಿಕೊಂಡು ಆ ಮನೆಯಲ್ಲಿ ಇನ್ನು ನೇಯುವವರು ಯಾರೂ ಇಲ್ಲ ಎಂದಾದಾಗ. ನಮ್ಮಪ್ಪ ಬದುಕಿದ್ದರು, ಮಗ್ಗವನ್ನು ಮಾರಿರಲಿಲ್ಲ.

ನಮ್ಮೂರು ಅನ್ನೂರಿನಿಂದ ಒಳಕ್ಕೆ ಹೋಗುವ ಟೌನ್ ಬಸ್ಸಿನ ದಾರಿಯಲ್ಲಿದೆ. ಬೀದಿಗೆ ಬೀದಿಯೇ ನೇಕಾರರು. ಎಲ್ಲರೂ ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು, ಓದುಬರಹವಂತೂ ತಮಿಳೇ. ಕನ್ನಡ ಅಕ್ಷರ ನನಗೆ ಕಲಿಸಿದ್ದು ಕೊಳ್ಳೇಗಾಲದ ಕಡೆಯಿಂದ ತಿರುಪ್ಪೂರಿಗೆ ಕೆಲಸಕ್ಕೆ ಬಂದ ನನ್ನ ಗಂಡ. ನಾನು ಚಿಕ್ಕವಳಿದ್ದಾಗ ಅವ್ವ ಒಮ್ಮೆ ಹಾಸಿಗೆ ಹಿಡಿದು, ಇನ್ನು ಏಳುವುದಿಲ್ಲ ಎಂದು ಎಲ್ಲರೂ ಕೈಬಿಟ್ಟಿದ್ದರಂತೆ. ಆಸ್ಪತ್ರೆಯಲ್ಲಿದ್ದ ಒಬ್ಬ ನರ್ಸಮ್ಮ ದಿನವೂ ಬಂದು ಪಕ್ಕದಲ್ಲಿ ಮೊಣಕಾಲೂರಿ ಪ್ರಾರ್ಥಿಸಿದರಂತೆ. ಅವ್ವ ಎದ್ದಳು. ಅಂದಿನಿಂದ ಅಪ್ಪ ಅವ್ವ ಇಬ್ಬರೂ ಯೇಸುಸ್ವಾಮಿಯ ಕಡೆಯವರಾದರು. ಬೀದಿಯವರು ನಮ್ಮನ್ನು ಹೊರಗೇನೂ ಹಾಕಲಿಲ್ಲ. ಆದರೆ ಅವ್ವನ ಅಣ್ಣ, ನಮ್ಮ ಮಾಮ, ಅವತ್ತಿನಿಂದ ನಮ್ಮ ಮನೆಯಲ್ಲಿ ನೀರು ಕುಡಿಯಲಿಲ್ಲ. ಬರುತ್ತಿದ್ದರು, ಜಗಲಿಯಲ್ಲಿ ಕೂರುತ್ತಿದ್ದರು, ಅವ್ವ ಚೊಂಬು ತಂದಿಟ್ಟರೆ "ಈಗ ತಾನೆ ಕುಡ್ದೆ" ಅನ್ನುತ್ತಿದ್ದರು. ಇಷ್ಟು ವರ್ಷ ಅದೆಲ್ಲಿ ಕುಡಿದು ಬರುತ್ತಿದ್ದರೋ.

ಎರಡನೆಯ ಸಲ ಕೊರೊನಾ ಬಂದಾಗ ಅವ್ವ ಹೋದಳು. ಕೋಯಮತ್ತೂರಿನ ಆಸ್ಪತ್ರೆಯೊಳಗೆ ತನ್ನ ಕಾಲಲ್ಲೇ ನಡೆದು ಹೋದವಳು, ಪ್ಲಾಸ್ಟಿಕ್ಕಿನಲ್ಲಿ ಸುತ್ತಿಕೊಂಡು ನೇರವಾಗಿ ಮಣ್ಣಿಗೆ ಬಂದಳು. ಅಪ್ಪ ಮುಖ ನೋಡಲಿಲ್ಲ, ನಾವು ನೋಡಲಿಲ್ಲ, ಮಾಮನನ್ನಂತೂ ಸ್ಮಶಾನದ ಗೇಟಿನಲ್ಲೇ ತಡೆದರು. "ನನ್ ತಂಗೀನ ನಮ್ ಮುರೆ ಪದ್ಧತಿಯಂಗೆ ಸುಡೋಕೂ ಬುಡ್ಲಿಲ್ಲೆ, ನೋಡೋಕೂ ಬುಡ್ಲಿಲ್ಲೆ" ಎಂದು ಅವರು ರಸ್ತೆಯಲ್ಲಿ ನಿಂತು ಕೂಗಿದ್ದು ನನ್ನ ಕಿವಿಯಲ್ಲಿ ಇನ್ನೂ ಇದೆ. ಆಮೇಲೆ ಜಗಲಿಗೆ ಬರುವುದನ್ನೂ ಬಿಟ್ಟರು.

ಆಸ್ಪತ್ರೆಗೆ ಹೊರಡುವ ಮೊದಲಿನ ವಾರಗಳಲ್ಲಿ ಅವ್ವ ತಂಗಿಯ ಮದುವೆ ಸೀರೆಗೆ ಎಲ್ಲ ಸಿದ್ಧ ಮಾಡಿಟ್ಟಿದ್ದಳು. ಮದುವೆಯಿನ್ನೂ ಗೊತ್ತಾಗಿರಲಿಲ್ಲ, ಆದರೆ ಎಂದಾದರೂ ಆಗುತ್ತದಲ್ಲ ಎನ್ನುವುದು ಅವಳ ಲೆಕ್ಕ. ನಮ್ಮ ಕ್ರೈಸ್ತ ಸಭೆಯಲ್ಲಿ ಮದುವೆ ಹೆಣ್ಣಿಗೆ ಬಿಳಿ ಸೀರೆ. ನಮ್ಮ ನೆಂಟರಲ್ಲಿ ಕೆಂಪು. ಅವ್ವ ಕೆನೆಬಣ್ಣದ ರೇಷ್ಮೆಗೆ ಸಣ್ಣ ಕೆಂಪಂಚು ಆರಿಸಿ, "ಇವ್ರೂ ಬಾಯಿ ಮುಚ್ಕೊಳ್ಳಿ, ಅವ್ರೂ ಮುಚ್ಕೊಳ್ಳಿ" ಅಂದಿದ್ದಳು. ಎರಡು ಸೀರೆಗಾಗುವ ಹಾಸನ್ನು ತಾನೇ ಕೂತು ಕೆಚ್ಚಿದಳು. ಅಡ್ಡನೂಲನ್ನು ರಾಟೆಯಲ್ಲಿ ಸಣ್ಣ ಕೊಳವೆಗಳಿಗೆ ಸುತ್ತಿದಳು. ಹಾಸಿನ ನಡುವೆ ಅಡ್ಡಡ್ಡ ಓಡುವ ಲಾಳಿಯೊಳಗೆ ಕೂರುವ ಈ ನೂಲಿನ ಉರುಳೆಗೆ ಕಂಡಿಗೆ ಎನ್ನುತ್ತೇವೆ. ಒಂದು ಸೀರೆಗೆ ಬೇಕಾಗುವಷ್ಟು ಕಂಡಿಗೆ ಸುತ್ತಿ, ಬಿದಿರ ಬುಟ್ಟಿಯಲ್ಲಿ ಜೋಡಿಸಿ, ಧೂಳು ಬೀಳದ ಹಾಗೆ ತನ್ನ ಹಳೆ ಸೀರೆಯ ತುಂಡು ಹೊದಿಸಿಟ್ಟು ಹೋದಳು. ಇನ್ನೊಂದು ಸೀರೆಯ ನೂಲು ಸುತ್ತದೆ ಕಟ್ಟಾಗಿಯೇ ಉಳಿಯಿತು.

ಆ ಹಾಸನ್ನು ಅಪ್ಪ ಬಹಳ ದಿನ ಮುಟ್ಟಲೇ ಇಲ್ಲ. ಬೇರೆಯವರ ಮಗ್ಗಕ್ಕೆ ಹೋಗಿ ನೇಯ್ದು ಬರುತ್ತಿದ್ದರು. ನಮ್ಮ ಸಭೆಯ ಬಾಗಿಲು ಆ ಕಾಲದಲ್ಲಿ ಮುಚ್ಚಿತ್ತು. ಅಪ್ಪನ ಕೈಗೆ ತಂಗಿಯ ಹಳೆಯ ಫೋನು ಬಂತು, ಫೋನಿನೊಳಗೆ ಒಬ್ಬ ಬೋಧಕರು ಸಿಕ್ಕರು.

ಅವರ ಬಗ್ಗೆ ಕೆಟ್ಟದ್ದು ಬರೆಯಬೇಕೆಂದು ಎಷ್ಟೋ ಸಲ ಕೂತಿದ್ದೇನೆ. ಆಗುವುದಿಲ್ಲ. ಚಿಕ್ಕ ವಯಸ್ಸಿನವರು, ಒಳ್ಳೆಯ ಕಂಠ. ಕೋಯಮತ್ತೂರಿನ ಗಣಪತಿ ಬಡಾವಣೆಯಲ್ಲಿ ನೀರಿನ ಪಂಪು ತಯಾರಿಸುವ ವರ್ಕ್‌ಶಾಪೊಂದರ ಮೇಲಂತಸ್ತಿನಲ್ಲಿ ಅವರ ಸಭೆ. ರೋಗ ಬಂತು, ಯುದ್ಧ ಬಂತು, ಹೆತ್ತವರನ್ನು ಮಕ್ಕಳು ಮುಟ್ಟದ ಕಾಲ ಬಂತು, ಇವೆಲ್ಲ ಗುರುತುಗಳು ಎನ್ನುತ್ತಿದ್ದರು. ಬೈಬಲಿನ ಒಂದು ಕಡೆಯ ಸಂಖ್ಯೆಯನ್ನು ಇನ್ನೊಂದು ಕಡೆಯ ಸಂಖ್ಯೆಗೆ ಕೂಡಿಸಿ ಕಳೆದು ಕೊನೆಗೆ, ಯೇಸುಸ್ವಾಮಿ ಮರಳಿ ಬಂದು ತೀರಿಕೊಂಡವರನ್ನು ಎಬ್ಬಿಸಿ ಲೋಕ ಮುಗಿಸುವ ಒಂದು ದಿನಕ್ಕೆ ಬಂದು ನಿಂತಿದ್ದರು. ಅದು ಆಡಿ ತಿಂಗಳಲ್ಲಿತ್ತು, ಅಂದರೆ ನಿಮ್ಮ ಆಷಾಢದ ಹೊತ್ತು. ನಮ್ಮ ಕಡೆ ಆಡಿಯಲ್ಲಿ ಯಾರೂ ಒಳ್ಳೆಯ ಕೆಲಸ ಇಟ್ಟುಕೊಳ್ಳುವುದಿಲ್ಲ. ಲೋಕ ಮುಗಿಸುವುದಕ್ಕೆ ಅಡ್ಡಿಯಿಲ್ಲವೇನೋ. ಅಷ್ಟರಲ್ಲಿ ತಂಗಿಗೆ ಗಂಡು ಗೊತ್ತಾಗಿ, ಮದುವೆ ಆಡಿ ಕಳೆದ ಮೇಲೆ ಆವಣಿಯಲ್ಲಿ ಎಂದಾಗಿತ್ತು. ಅಪ್ಪ ತಲೆಯಾಡಿಸಿದ್ದರು. ಅವ್ವ ಕೆಚ್ಚಿದ ಹಾಸಿನ ಮುಂದೆ ಕೂತು ನೇಯಲು ಶುರು ಮಾಡಿದ್ದರು. ಅರ್ಧ ಬಂದಿತ್ತು. ಆಗ ಈ ಕತ್ತರಿ.

ಫೋನು ಬಂದ ದಿನವೇ ರಜೆ ಹೇಳಿ ಬಸ್ಸು ಹತ್ತಿದೆ. ಮನೆ ತಲುಪಿದಾಗ ಅಪ್ಪ ಜಗಲಿಯಲ್ಲಿ ಕೂತಿದ್ದರು, ಯಾರದೋ ಮನೆಗೆ ಬಂದವರ ಹಾಗೆ. ಕತ್ತರಿಸಿದ ಅರ್ಧ ಸೀರೆ ಮಡಚಿ ಟ್ರಂಕಿನ ಮೇಲಿತ್ತು. ಉಳಿದ ಹಾಸು ಹಿಂದಿನ ಉರುಳೆಗೆ ಸುತ್ತಿಕೊಂಡಿತ್ತು. ಕಂಡಿಗೆಯ ಬುಟ್ಟಿಗೆ ಅವ್ವನ ಸೀರೆ ತುಂಡು ಮತ್ತೆ ಹೊದಿಸಿತ್ತು.

"ಏನಪ್ಪಾ ಇದು?"

"ನಮ್ಮನ್ನ ಕಟ್ಟಿ ಹಿಡ್ದಿರೋದ್ನ ಬುಟ್ಟು ಬನ್ನಿ ಅಂತ ಬೋಧಕರು ಹೇಳಿದ್ರು ಅಮ್ಮುಣಿ. ನನ್ನ ಕಟ್ಟಿ ಹಿಡ್ದಿರೋದು ಅದೊಂದೇ."

"ನಿಮ್ ಮಗಳ ಕಲ್ಯಾಣ?"

"ಅಲ್ಲಿ ಅವಳಿಗೆ ಇನ್ನೂ ಚೆಂದದ್ದು ಉಡಿಸ್ತಾರೆ."

ನನಗೆ ಮೈಯೆಲ್ಲ ಉರಿದುಹೋಯಿತು. ಒಳಗೆ ಹೋದರೆ ತಂಗಿ ಅಡುಗೆ ಒಲೆಯ ಮುಂದೆ ಕೂತು ಅಳುತ್ತಿದ್ದಳು. ಅವಳು ನನ್ನ ಹಾಗಲ್ಲ, ನಂಬಿಕೆ ಗಟ್ಟಿ. "ಕರ್ತರು ಬರ್ಲಿ ಅಕ್ಕಾ, ಬೇಡ ಅಂದೋರ್ ಯಾರು? ನಾನೂ ಅದ್ಕೇ ಪ್ರಾರ್ಥನೆ ಮಾಡ್ತೀನಿ. ಆದ್ರೆ ನನ್ ಕಲ್ಯಾಣ ಮುಗ್ದ ಮೇಲೆ ಬಂದ್ರೆ ಅವರಿಗೇನ್ ನಷ್ಟ?" ಎಂದಳು. ಅಳುವಿನ ಮಧ್ಯೆ ಇಬ್ಬರಿಗೂ ನಗು ಬಂತು. ಮತ್ತೆ ಅವಳೇ ಮೆಲ್ಲಗೆ, "ಅಪ್ಪಂಗೆ ನಾನು ಬೇಡ ಅಂತ ಆಯ್ತಾ?" ಅಂದಳು.

ಮಾರನೆಯ ಬೆಳಿಗ್ಗೆ ನಮ್ಮ ಸಭೆಯ ಹಿರಿಯರನ್ನು ಕರೆದುಕೊಂಡು ಬಂದೆ. ಪೋತ್ತನೂರಿನ ರೈಲ್ವೆ ವರ್ಕ್‌ಶಾಪಿನಲ್ಲಿದ್ದು ನಿವೃತ್ತರಾದವರು. ಮಗಳ ಊರು ನಮ್ಮೂರಾದ್ದರಿಂದ ಇಲ್ಲಿ ಬಂದು ನೆಲೆಸಿದ್ದರು. ಅವರ ಮಾತು ತಮಿಳು. ಇಲ್ಲಿ ನಮ್ಮ ಮಾತಿನಲ್ಲಿ ಬರೆಯುತ್ತಿದ್ದೇನೆ. ದಾರಿಯಲ್ಲಿ ಅವರಿಗೆ ಪಾಠ ಹೇಳಿಕೊಟ್ಟಿದ್ದೆ: ಇದೆಲ್ಲ ಸುಳ್ಳು ಎಂದು ಖಡಾಖಂಡಿತ ಹೇಳಿಬಿಡಿ ಅಯ್ಯಾ, ನಿಮ್ಮ ಮಾತು ಅಪ್ಪ ಮೀರುವುದಿಲ್ಲ.

ಅವರು ಅಪ್ಪನ ಪಕ್ಕದಲ್ಲಿ ಕೂತು ಕಾಫಿ ಕುಡಿದರು. ಬಹಳ ಹೊತ್ತು ಗಾಳಿಯ ಬಗ್ಗೆ ಮಾತಾಡಿದರು. ಆಡಿ ಗಾಳಿ ಆ ವರ್ಷ ಮನೆಯ ಹೆಂಚು ಅಲ್ಲಾಡಿಸುತ್ತಿತ್ತು. ನಾನು ಕಣ್ಣಲ್ಲೇ ಅವರನ್ನು ಚುಚ್ಚುತ್ತಿದ್ದೆ.

"ಸುಳ್ಳು ಅಂತ ಹೇಳು ಅಂತಾಳೆ ನಿನ್ನ ಮಗಳು" ಎಂದು ಕೊನೆಗೆ ನನ್ನ ಮಾನ ತೆಗೆದೇಬಿಟ್ಟರು. "ಹೇಗೆ ಹೇಳ್ಲಿ? ಬರ್ತಾರೆ ಅಂತ ನಾನೂ ಕಾಯ್ತಿದ್ದೀನಿ. ಬರೋದು ನಿಜ. ಯಾವತ್ತು ಅಂತ ತನಗೂ ಗೊತ್ತಿಲ್ಲ, ತಂದೆಗೆ ಮಾತ್ರ ಗೊತ್ತು ಅಂತ ಸ್ವಾಮಿಯೇ ಹೇಳಿದ್ದೂ ನಿಜ. ಎರಡನ್ನೂ ಒಟ್ಟಿಗೆ ಹಿಡ್ಕೊಂಡಿರೋದು ಕಷ್ಟ. ಅದಕ್ಕೇ ಜನ ಒಂದನ್ನ ಕೈಬಿಡ್ತಾರೆ. ಕೆಲವರು ಬರೋದನ್ನೇ ಮರೀತಾರೆ. ಕೆಲವರು ದಿನ ಗೊತ್ತುಮಾಡ್ತಾರೆ. ರೈಲು ಬರುತ್ತೆ ಅನ್ನೋದಕ್ಕೂ ಇಷ್ಟು ಗಂಟೆಗೇ ಬರುತ್ತೆ ಅನ್ನೋದಕ್ಕೂ ವ್ಯತ್ಯಾಸ ಇದೆಯಪ್ಪಾ."

"ರೈಲ್ವೆಯವ್ರು ಅದನ್ನ ಹೇಳಬಾರ್ದು ಅಯ್ಯಾ" ಅಂದೆ. ಅವರು ನಕ್ಕರು. ಅಪ್ಪ ನಗಲಿಲ್ಲ.

"ದಿನ ತಿಳಿದ್ರೆ ಸಿದ್ಧವಾಗಿರಬೋದಲ್ಲ ಅಯ್ಯಾ" ಅಂದರು ಅಪ್ಪ.

ಹಿರಿಯರು ಲೋಟ ಕೆಳಗಿಟ್ಟರು. "ನನ್ನ ಹೆಂಡತಿಗೆ ಡಾಕ್ಟರು ದಿನ ಹೇಳಿಬಿಟ್ಟಿದ್ರು. ಇಷ್ಟು ತಿಂಗಳು ಅಂತ. ಒಳ್ಳೇದಕ್ಕೇ ಹೇಳಿದ್ರು. ಆಮೇಲೆ ನಾವಿಬ್ಬರೂ ಒಂದು ಊಟಾನೂ ಊಟ ಅಂತ ಉಣ್ಣಲಿಲ್ಲ. ಅವಳು ಪಲ್ಯ ಬಡಿಸಿದ್ರೆ ಇದೇ ಕೊನೇ ಪಲ್ಯವೋ ಏನೋ ಅಂತ ನೋಡ್ತಾ ಕೂರ್ತಿದ್ದೆ, ಪಲ್ಯ ಆರಿಹೋಗ್ತಿತ್ತು. ಕರ್ತರು ನಮಗೆ ದಿನ ಹೇಳದೇ ಇದ್ದದ್ದು ನಮ್ಮ ಮೇಲಿನ ಪ್ರೀತಿಯಿಂದ ಅಂತ ನನಗೆ ಆಗ ಗೊತ್ತಾಯ್ತು."

ಹಿರಿಯರು ಎದ್ದು, ಪ್ರಾರ್ಥನೆ ಮಾಡಿ, ಹೋಗುವಾಗ ನನ್ನ ತಲೆ ಮುಟ್ಟಿ, "ಆ ದಿನ ಅವನನ್ನ ಒಬ್ಬನ್ನೇ ಕಳಿಸಬೇಡ" ಎಂದಷ್ಟೇ ಹೇಳಿದರು. ಇವರನ್ನು ಕರೆತಂದು ಏನು ಪ್ರಯೋಜನವಾಯಿತು ಎಂದು ನಾನು ಆವತ್ತು ಗೊಣಗಿಕೊಂಡೆ.

ಆ ದಿನ ಅಪ್ಪನ ಜೊತೆ ಹೋದೆ. ಅಪ್ಪ ಬೆಳ್ಳಗಿನ ಪಂಚೆ, ಬೆಳ್ಳಗಿನ ಅಂಗಿ ಹಾಕಿದ್ದರು. ಕಾಲಲ್ಲಿ ಚಪ್ಪಲಿ ಇರಲಿಲ್ಲ. ಕೇಳಿದರೆ ಹಿಂದಿನ ದಿನವೇ ಕೇಳಿದವರಿಗೆ ಕೊಟ್ಟುಬಿಟ್ಟೆ ಅಂದರು. ತಂಗಿ ಬಾಗಿಲಲ್ಲಿ ನಿಂತಿದ್ದಳು. ಅಪ್ಪ ಅವಳ ಹಣೆ ಮುಟ್ಟಿ, "ಅವ್ವನ್ನ ನೋಡೋಣ ಬುಡು, ಎಲ್ಲಾರೂ" ಅಂದರು. ಅವರ ಮುಖದಲ್ಲಿ ಅಷ್ಟು ಸಂತೋಷವನ್ನು ನಾನು ಅವ್ವ ಹೋದ ಮೇಲೆ ನೋಡಿರಲಿಲ್ಲ. ಬೈಯಬೇಕೆಂದು ಬಾಯಿ ತೆರೆದವಳು ಅವರ ಕೈಹಿಡಿದು ಬಸ್ಸಿನ ಕಡೆ ನಡೆದೆ.

ಗಣಪತಿ ಬಡಾವಣೆಯ ಆ ಮೇಲಂತಸ್ತಿನ ಹಾಲಿನಲ್ಲಿ ಜನ ಕಿಕ್ಕಿರಿದಿದ್ದರು. ಹೆಚ್ಚಿನವರು ಮನೆಯಲ್ಲೊಂದು ಸಾವು ಕಂಡವರು ಎನ್ನುವುದು ಪಕ್ಕದವರ ಮಾತಿನಿಂದಲೇ ತಿಳಿಯಿತು. ಒಬ್ಬಳು ತಾಯಿ ಮಗನ ಫೋಟೊ ಎದೆಗವಚಿ ಕೂತಿದ್ದಳು. ಕೆಳಗಿನ ವರ್ಕ್‌ಶಾಪಿನವರಿಗೆ ಅದು ಮಾಮೂಲಿ ಬುಧವಾರ. ಲೇತ್ ಯಂತ್ರ ತಿರುಗುವ ಸದ್ದು ನೆಲದಿಂದ ಕಾಲಿಗೆ ಬರುತ್ತಿತ್ತು. ಮೇಲೆ ಇವರು ಹಾಡುತ್ತಿದ್ದರೆ ಕೆಳಗೆ ಯಾರೋ ಕಬ್ಬಿಣ ಕೊರೆಯುತ್ತಿದ್ದರು. ಬೋಧಕರು ಸಂಜೆಯ ಹೊತ್ತು ಎಂದಿದ್ದರು. ಸಂಜೆಯಾಯಿತು. ಕೆಳಗೆ ಸೈರನ್ ಕೂಗಿದಾಗ ಹಾಲಿನಲ್ಲಿ ಎಲ್ಲರೂ ಧಡಕ್ಕನೆ ಎದ್ದು ನಿಂತರು, ಕೆಲವರು ಕೈ ಮೇಲೆತ್ತಿದರು. ಅದು ವರ್ಕ್‌ಶಾಪಿನ ಶಿಫ್ಟ್ ಬಿಡುವ ಸೈರನ್. ಲೇತ್ ನಿಂತಿತು. ಆ ಕಟ್ಟಡದಲ್ಲಿ ಅಷ್ಟೊಂದು ಮೌನ ಅದೇ ಮೊದಲು ಇದ್ದಿರಬೇಕು. ಅಪ್ಪ ಕಣ್ಣು ಮುಚ್ಚಿ ನಿಂತಿದ್ದರು, ತುಟಿಯಲ್ಲಿ ಅವ್ವನ ಹೆಸರಿತ್ತು.

ಏನೂ ಆಗಲಿಲ್ಲ. ಸ್ವಲ್ಪ ಹೊತ್ತಿಗೆ ಕಿಟಕಿಯಾಚೆ ಟೀ ಅಂಗಡಿಯ ದೀಪ ಹತ್ತಿತು. ಬೋಧಕರು ಮೈಕ್ ಹಿಡಿದು ಲೆಕ್ಕದಲ್ಲಿ ಎಲ್ಲೋ ತಪ್ಪಿದ್ದೇನೆ ಎಂದು ಏನೋ ಹೇಳಲು ಹೋದರು. ಅರ್ಧಕ್ಕೇ ಮೈಕ್ ಕೆಳಗಿಟ್ಟರು. ಜನ ಒಬ್ಬರ ಮುಖ ಒಬ್ಬರು ನೋಡದೆ ಇಳಿದು ಹೋಗತೊಡಗಿದರು. ನಾವು ಕೆಳಗೆ ಬರುವಾಗ ಅವರು ಮೆಟ್ಟಿಲ ಮೇಲೆ ಒಬ್ಬರೇ ಕೂತು ತಲೆ ಹಿಡಿದುಕೊಂಡಿದ್ದರು. ಇವರಿಗೆ ನಾಲ್ಕು ಮಾತು ಕೇಳಿಸಲೇಬೇಕು ಎಂದು ಬೆಳಿಗ್ಗೆಯಿಂದ ಕಾಯ್ದಿದ್ದೆ. ಅಷ್ಟರಲ್ಲಿ ಅಪ್ಪ ಅವರ ಪಕ್ಕ ಕೂತು ಹೆಗಲ ಮೇಲೆ ಕೈಯಿಟ್ಟರು. "ನೀವು ಸುಳ್ಳು ಹೇಳಲಿಲ್ಲೆ ತಂಬಿ. ನಿಮಗೂ ಬೇಕಾಗಿತ್ತು, ನಂಗೂ ಬೇಕಾಗಿತ್ತು" ಅಂದರು. ಅವರಿಬ್ಬರೂ ಅತ್ತರು. ನಾನು ಪಕ್ಕದಲ್ಲಿ ನಿಂತು ಅಪ್ಪನ ಬರಿಗಾಲನ್ನು ನೋಡುತ್ತಿದ್ದೆ. ಆಮೇಲೆ ಎದುರಿನ ಅಂಗಡಿಗೆ ಹೋಗಿ ಒಂದು ಜೊತೆ ಹವಾಯಿ ಚಪ್ಪಲಿ ತಂದು ಕಾಲ ಬಳಿ ಇಟ್ಟೆ.

ಮನೆಗೆ ಬಂದ ಮೇಲೆ ಅಪ್ಪ ಹೊರಗೆ ಹೋಗುವುದನ್ನೇ ಬಿಟ್ಟರು. ಬೀದಿಯಲ್ಲಿ ಎಲ್ಲರಿಗೂ ಗೊತ್ತಾಗಿತ್ತು. ಯಾರಾದರೂ ಜೋರಾಗಿ ನಕ್ಕರೆ ತನ್ನನ್ನೇ ಎಂದು ಅಪ್ಪ ಕುಗ್ಗುತ್ತಿದ್ದರು. ಮಗ್ಗದ ಗುಂಡಿಯಲ್ಲಿ ಕಾಲಿಳಿಬಿಟ್ಟು ಬೋಳು ಕುಣಿಕೆಗಳನ್ನು ನೋಡುತ್ತ ಕೂರುವುದು, ಊಟಕ್ಕೆ ಕರೆದರೆ ಬೇಡ ಎನ್ನುವುದು. ಆವಣಿ ಹತ್ತಿರ ಬರುತ್ತಿತ್ತು. ಅಂಗಡಿಯಲ್ಲೇ ಒಂದು ಸೀರೆ ತೆಗೆದುಬಿಡೋಣ ಎಂದು ನಾನು ತಂಗಿಗೆ ಹೇಳಿದೆ. ಅವಳು ಒಪ್ಪಲಿಲ್ಲ. "ಅಂಗಡಿ ಸೀರೆ ಉಟ್ಟು ನಾನು ನಿಂತ್ರೆ ಅಪ್ಪ ಇನ್ನು ಮೇಲೇಳಾಕಿಲ್ಲೆ ಅಕ್ಕಾ" ಅಂದಳು. ಅವಳ ಮಾತು ನಿಜವಾಗಿತ್ತು. ಹೆಂಡತಿಯನ್ನು ನೋಡುವ ಆಸೆ ಹೋಗಿ, ಮಗಳ ಮುಖ ನೋಡುವ ಧೈರ್ಯವೂ ಹೋಗಿ, ಅಪ್ಪ ನಮ್ಮ ಕಣ್ಣೆದುರೇ ಇಲ್ಲವಾಗುತ್ತಿದ್ದರು.

ಒಂದು ಬೆಳಿಗ್ಗೆ ಬಾಗಿಲಲ್ಲಿ ಮಾಮ ನಿಂತಿದ್ದರು. ಕೈಯಲ್ಲಿ ಎಳೆ ಸೇದುವ ಸಣ್ಣ ಕೊಕ್ಕೆ. ಅವ್ವ ಹೋದ ಮೇಲೆ ಅವರು ನಮ್ಮ ಹೊಸ್ತಿಲಿಗೆ ಬಂದದ್ದು ಅದೇ ಮೊದಲು. ಯಾರನ್ನೂ ಮಾತಾಡಿಸದೆ ನೇರ ಒಳಗೆ ಬಂದು ಮಗ್ಗ ನೋಡಿದರು.

"ಏನ್ ಬಾವಾ, ಲೋಕಂತೂ ಮುಗೀಲಿಲ್ಲೆ. ಹಾಸಾದ್ರೂ ಮುಗ್ಸಾನ."

ಅಪ್ಪ ತಲೆ ಎತ್ತಲಿಲ್ಲ.

ಬೋಳು ಮಗ್ಗಕ್ಕೆ ಹಾಸು ತುಂಬುವುದು ಒಬ್ಬರ ಕೆಲಸವಲ್ಲ. ಕುಣಿಕೆಗಳ ಆ ಕಡೆ ಒಬ್ಬರು ಕೂತು ಉರುಳೆಯಿಂದ ಒಂದೊಂದೇ ಎಳೆ ಬಿಡಿಸಿ ಕೊಡಬೇಕು. ಈ ಕಡೆ ಒಬ್ಬರು ಕೊಕ್ಕೆ ತೂರಿಸಿ ಅದನ್ನು ಕುಣಿಕೆಯ ಕಣ್ಣಿನಿಂದ ಎಳೆದುಕೊಳ್ಳಬೇಕು. ಆಮೇಲೆ ಅದನ್ನು ಹಣಿಗೆಯ ಸಂದಿನಲ್ಲಿ ದಾಟಿಸಬೇಕು. ಒಂದೆಳೆ ತಪ್ಪಿದರೆ ಮುಂದಿನದೆಲ್ಲ ತಪ್ಪು. ಇಬ್ಬರೂ ಎದುರುಬದುರು, ನಡುವೆ ಬರೀ ದಾರದ ತೆರೆ, ದಿನಗಟ್ಟಲೆ. ಮಾಮ ಆ ಕಡೆ ಕೂತು ಮೊದಲ ಎಳೆಯನ್ನು ಕುಣಿಕೆಯ ಹತ್ತಿರ ಹಿಡಿದರು. ಹಿಡಿದೇ ಇದ್ದರು. ಅಪ್ಪ ಬಹಳ ಹೊತ್ತಿನ ಮೇಲೆ ಕೊಕ್ಕೆ ಎತ್ತಿಕೊಂಡರು.

ಮೊದಲ ದಿನ ಎಳೆ ಬಿಟ್ಟರೆ ಬೇರೆ ಮಾತಿಲ್ಲ. ಎರಡನೆಯ ದಿನ ನಾನು ಅಲ್ಲೇ ಕೂತು ಅವರೆಕಾಯಿ ಬಿಡಿಸುತ್ತಿದ್ದೆ. ಮಾಮ ಇದ್ದಕ್ಕಿದ್ದಂತೆ, "ಕೊಯ್ದಿದ್ಯಾಕೆ ಬಾವ? ನಿಮ್ ಸಾಮಿ ಬರ್ಲಿ, ಬುಡ್ಲಿ. ನೇಯೋನ ಕೈಗೆ ಹಾಸು ಕೊಯ್ಯೋಕೆ ಮನಸ್ ಹೆಂಗ್ ಬಂತು?" ಎಂದರು. ಬೈಗುಳವಾಗಿರಲಿಲ್ಲ. ತಿಳಿಯಬೇಕಾಗಿತ್ತು ಅವರಿಗೆ.

ಅಪ್ಪ ಎಳೆದ ನೂಲನ್ನು ಬೆರಳಿಗೆ ಸುತ್ತಿಕೊಂಡು ಕೂತರು.

"ಬುಟ್ಟೀಲಿ ಅವಳ ಕಂಡಿಗೆ ಕಮ್ಮಿಯಾಗ್ತಾ ಬಂದ್ವು ಬಾವ. ದಿನಾ ಒಂದೊಂದ್ ತೆಗೀವಾಗ ನೋಡ್ತಿದ್ದೆ, ಇನ್ನಿಷ್ಟು ಇದೆ, ಇನ್ನಿಷ್ಟು ಇದೆ ಅಂತ. ಅದೆಲ್ಲ ಅವಳ ಬೆರಳಿಂದ ಸುತ್ಕೊಂಡಿರೋದು. ಕೊನೇದು ಲಾಳಿಗೆ ಹಾಕ್ದ ದಿನ ಈ ಮನೇಲಿ ಅವಳ ಕೈದು ಅಂತ ಇನ್ನೇನೂ ಇರಾಕಿಲ್ಲೆ. ಅಷ್ಟ್ರೊಳಗೆ ಲೋಕ ಮುಗ್ದ್‌ಹೋಗ್ಲಿ ಅಂತ ಆಸೆಪಟ್ಟೆ. ಬೋಧಕ್ರು ದಿನ ಹೇಳಿದ್ರು, ನಂಗೆ ಬೇಕಾಗಿದ್ದೂ ಅದೇ. ಅವಳ ಕಂಡಿಗೆ ಇನ್ನೂ ಇರುವಾಗ್ಲೇ ಹೋಗ್ಬುಡೋಣ ಅಂತ ಕೊಯ್ದೆ."

ಅವರೆಕಾಯಿ ನನ್ನ ಕೈಯಲ್ಲೇ ಉಳಿಯಿತು. ಬಾಗಿಲ ಹತ್ತಿರ ತಂಗಿ ನಿಂತಿದ್ದಳು, ಅವಳೂ ಕೇಳಿಸಿಕೊಂಡಳು. ಅಪ್ಪನಿಗೆ ತಾನು ಬೇಡವಾದೆನೋ ಎಂದು ಇಷ್ಟು ದಿನ ಕೊರಗಿದವಳು ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಓಡಿದಳು.

ಮಾಮ ಮುಖ ಒರೆಸಿಕೊಂಡು, "ಅಮ್ಮುಣೀ, ಒಂದ್ ಚೊಂಬು ನೀರ್ ತಕ್ಕೊಂಬಾ" ಎಂದರು. ನಾನು ಅವ್ವನ ಹಿತ್ತಾಳೆ ಚೊಂಬಿನಲ್ಲೇ ತಂದುಕೊಟ್ಟೆ. ಅವರು ತಲೆ ಎತ್ತಿ ಗಟಗಟ ಪೂರ್ತಿ ಕುಡಿದು, ಚೊಂಬು ನೆಲಕ್ಕಿಟ್ಟು, ಮುಂದಿನ ಎಳೆ ಹಿಡಿದರು.

ಹಾಸು ತುಂಬಿ ಮುಗಿದ ದಿನ ಅಪ್ಪ ನಮ್ಮಿಬ್ಬರನ್ನೂ ಕರೆದರು. ಬುಟ್ಟಿಯಲ್ಲಿ ಉಳಿದದ್ದು ಅರ್ಧ ಸೀರೆಗಾಗುವಷ್ಟು ಕಂಡಿಗೆ; ಈಗ ಬೇಕಾಗಿದ್ದದ್ದು ಪೂರ್ತಿ ಸೀರೆಗೆ. ಅವ್ವ ಬಿಟ್ಟುಹೋದ ಅದೇ ಬಣ್ಣದ ನೂಲಿನ ಕಟ್ಟು ಹೊರತೆಗೆದು ಕೊಟ್ಟರು.

"ನೀವಿಬ್ರೂ ಸುತ್ರಿ. ಅವ್ವ ಸುತ್ತಿದಂಗೇ, ನಡುವೆ ದಪ್ಪ, ತುದೀಲಿ ಸಣ್ಣ. ಹಳೇ ಕಂಡಿಗೆ ಪಕ್ಕ ಇಟ್ರೆ ಗುರುತು ಸಿಗಬಾರ್ದು."

ಸುತ್ತಿದೆವು. ತಂಗಿಗೆ ಅವ್ವನ ಕೈ ಬಂದಿದೆ. ನನ್ನದು ಮೊದಮೊದಲು ಹೊಟ್ಟೆ ಬಿಟ್ಟುಕೊಂಡು ಕೂರುತ್ತಿತ್ತು, ಅವಳು ಬಿಚ್ಚಿ ಮತ್ತೆ ಸುತ್ತಿಸಿದಳು. ಎಲ್ಲ ಆದ ಮೇಲೆ ಅಪ್ಪ ಬುಟ್ಟಿಯ ಮೇಲಿನ ಬಟ್ಟೆ ತೆಗೆದರು. ಅವ್ವನವು ಒಂದು ಕಡೆ ಸಾಲಾಗಿ ಮಲಗಿದ್ದವು. ನಮ್ಮವನ್ನು ಇನ್ನೊಂದು ಸಾಲು ಜೋಡಿಸಲು ಹೋದೆ.

"ಬೇಡ" ಅಂದರು ಅಪ್ಪ. "ಕಲಸು."

ನನಗೆ ಅರ್ಥವಾಗಲಿಲ್ಲ.

"ಕಲಸ್‌ಬುಡಿ ಎಲ್ಲಾನೂ. ನಾನು ಆ ಕಡೆ ತಿರುಗ್ತೀನಿ. ಯಾವುದು ಅವಳದು, ಯಾವುದು ಕೊನೇದು ಅಂತ ನಂಗೆ ಗೊತ್ತಾಗಬಾರ್ದು." ಸ್ವಲ್ಪ ತಡೆದು, "ಪೋತ್ತನೂರಯ್ಯ ಹೇಳಿದ್ರಲ್ಲ, ಪಲ್ಯ ಆರಿಹೋಗ್ತಿತ್ತು ಅಂತ" ಎಂದರು.

ಅಪ್ಪ ಗೋಡೆಯ ಕಡೆ ತಿರುಗಿ ನಿಂತರು. ನಾವಿಬ್ಬರೂ ಬುಟ್ಟಿಯಲ್ಲಿ ಕೈಯಾಡಿಸಿದೆವು. ಮೊದಲು ಮೆಲ್ಲಗೆ, ಆಮೇಲೆ ತಳದಿಂದ ಮೇಲಕ್ಕೆ. ನನ್ನ ಕೈ, ತಂಗಿಯ ಕೈ, ಅವ್ವನ ನೂಲು, ನಮ್ಮ ನೂಲು. ಕೊನೆಗೆ ನಮಗೇ ಯಾವುದು ಯಾರದು ಎಂದು ತಿಳಿಯದಾಯಿತು. ತಂಗಿ "ಆಯ್ತಪ್ಪಾ" ಎಂದಳು. ಅಪ್ಪ ತಿರುಗಿ ಬಂದು, ಗುಂಡಿಗೆ ಕಾಲಿಳಿಬಿಟ್ಟು, ಬುಟ್ಟಿಯೊಳಗೆ ನೋಡದೆ ಕೈಹಾಕಿ ಸಿಕ್ಕಿದ ಕಂಡಿಗೆಯನ್ನು ಲಾಳಿಗೆ ತುಂಬಿದರು.

ಸೀರೆ ಮದುವೆಗೆ ಮೂರ್ನಾಲ್ಕು ದಿನ ಮೊದಲೇ ಮಗ್ಗದಿಂದ ಇಳಿಯಿತು. ಈ ಸಲ ಅಪ್ಪ ಅದನ್ನು ಕತ್ತರಿಸುವಾಗ ಮುಂದಿನ ಹಾಸು ಕೆಚ್ಚಲು ತುದಿ ಬಿಟ್ಟೇ ಕತ್ತರಿಸಿದರು. ಮೊದಲಿನ ಆ ಅರ್ಧ ಸೀರೆಯನ್ನು ತಂಗಿ ಟ್ರಂಕಿನಿಂದ ತೆಗೆದು ತನ್ನ ಬಟ್ಟೆಗಳ ಜೊತೆ ಇಟ್ಟುಕೊಂಡಳು. ಮುಂದೆ ತೊಟ್ಟಿಲು ಕಟ್ಟೋಕಾಗುತ್ತೆ ಅಂದಳು. ಸಭೆಯಲ್ಲಿ ಮದುವೆಯಾಯಿತು. ಮಾಮ ಮೊದಲ ಸಾಲಿನಲ್ಲಿ, ಹಣೆಯ ವಿಭೂತಿ ಅಳಿಸದೆ, ಎದೆಯುಬ್ಬಿಸಿ ಕೂತಿದ್ದರು. ಪೋತ್ತನೂರಿನ ಹಿರಿಯರು ಪ್ರಾರ್ಥನೆ ಮಾಡುತ್ತ, ಕರ್ತರೇ ಬೇಗ ಬನ್ನಿ ಎಂದೇ ಮುಗಿಸಿದರು. ತಂಗಿ ತಲೆ ತಗ್ಗಿಸಿ ಗಟ್ಟಿಯಾಗಿ "ಆಮೆನ್" ಎಂದಳು.

ಅವಳನ್ನು ಉಡಿಸಿದ್ದು ನಾನೇ. ನೆರಿಗೆ ಹಿಡಿಯುವಾಗ, ಸೆರಗು ಹಾಕುವಾಗ ಬೆರಳಲ್ಲಿ ಮುಟ್ಟಿ ಮುಟ್ಟಿ ಹುಡುಕಿದೆ. ಇಲ್ಲಿ ಅವ್ವನಿರಬಹುದೇ, ಈ ಅಂಚಿನ ಹತ್ತಿರ ಇರಬಹುದೇ ಎಂದು. ಗೊತ್ತಾಗಲಿಲ್ಲ. ಎಲ್ಲ ಕಡೆಯೂ ಅದೇ ಕೆನೆಬಣ್ಣ, ಹಣಿಗೆಯ ಅದೇ ಹೊಡೆತ. ಅಪ್ಪ ಬಾಗಿಲಲ್ಲಿ ನಿಂತು ಅವಳನ್ನು ಕಣ್ತುಂಬ ನೋಡುತ್ತಿದ್ದರು.

"ಅವ್ವನ ಕೊನೇ ಕಂಡಿಗೆ ಯಾವತ್ತು ಮುಗೀತಪ್ಪಾ?" ಎಂದು ನನಗೆ ಕೇಳದೇ ಇರಲಾಗಲಿಲ್ಲ.

"ಗೊತ್ತಿಲ್ಲೆ ಅಮ್ಮುಣಿ" ಅಂದರು ಅಪ್ಪ. "ಆವತ್ತೂ ನೇಯ್ತಾ ಇದ್ದೆ."